ಮೌದ್ಗಲ್, ಎನ್. ಆರ್.

ನುಗ್ಗೇಹಳ್ಳಿ ರಘುವೀರ ಮೌದ್ಗಲ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ದುಡಿದ ಹಾರ್ಮೋನು ವಿಜ್ಞಾನಿ. ಗಂಡಿನ ಫಲವಂತಿಕೆಯಲ್ಲಿ ಪಿಟ್ಯುಟರಿ ಹಾರ್ಮೋನುಗಳ ಪಾತ್ರವನ್ನು ಮಂಗಗಳಲ್ಲಿ ದೀರ್ಘಕಾಲ ಪರೀಕ್ಷಿಸಿ, ಪುರುಷರಿಗೆ ಗರ್ಭನಿರೋಧಕ ಲಸಿಕೆ ಸಾಧ್ಯವೇ ಎಂಬ ಪ್ರಶ್ನೆಯನ್ನು ಪ್ರಯೋಗದ ಹಂತಕ್ಕೆ ತಂದವರು. 1976ರಲ್ಲಿ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿ ಪಡೆದರು.

ಆರಂಭದ ಕೆಲಸ

ಕ್ಯಾಲಿಫೋರ್ನಿಯದಲ್ಲಿ ಹಾರ್ಮೋನು ವಿಜ್ಞಾನಿ ಚೋ ಹಾವ್ ಲೀ ಅವರೊಂದಿಗೆ ಕುರಿಯ ಪಿಟ್ಯುಟರಿ ಹಾರ್ಮೋನುಗಳ ವಿರುದ್ಧ ಪ್ರತಿಕಾಯಗಳನ್ನು ಹುಟ್ಟಿಸಿ 1961ರಲ್ಲಿ ಪ್ರಕಟಿಸಿದ ಅಧ್ಯಯನ ಅವರ ಮುಂದಿನ ಎಲ್ಲ ಕೆಲಸಕ್ಕೂ ಸಲಕರಣೆ ಒದಗಿಸಿತು. ಪಿಟ್ಯುಟರಿ ಗ್ರಂಥಿಯನ್ನೇ ಕತ್ತರಿಸಿ ತೆಗೆದರೆ ಅದು ಸ್ರವಿಸುವ ಹಾರ್ಮೋನುಗಳೆಲ್ಲ ಒಟ್ಟಿಗೆ ಇಲ್ಲವಾಗುತ್ತವೆ. ಪ್ರತಿಕಾಯದಿಂದಾದರೆ ಒಂದನ್ನಷ್ಟೇ ತಡೆಯಬಹುದು. ಇದೇ ಉಪಾಯದಿಂದ ಇಲಿಗಳಲ್ಲಿ ಭ್ರೂಣ ಗರ್ಭಕೋಶಕ್ಕೆ ನಾಟಿಕೊಳ್ಳಲು ಪಿಟ್ಯುಟರಿಯ ಎಲ್‌ಎಚ್ (ಲ್ಯೂಟಿನೈಸಿಂಗ್ ಹಾರ್ಮೋನು) ಬೇಕೆಂದು ಎಂ. ಆರ್. ಸಾಯಿರಾಮ್ ಮತ್ತಿತರ ಶಿಷ್ಯರೊಡನೆ 1968ರಲ್ಲಿ ತೋರಿಸಿದರು.

ಎಫ್‌ಎಸ್‌ಎಚ್ ಮತ್ತು ವೀರ್ಯಾಣು

ಎಲ್‌ಎಚ್ ವೃಷಣದ ಲೇಡಿಗ್ ಕೋಶಗಳಿಂದ ಟೆಸ್ಟೋಸ್ಟೆರೋನ್ ಹೊರಡಿಸುತ್ತದೆ. ಪಿಟ್ಯುಟರಿಯ ಇನ್ನೊಂದು ಹಾರ್ಮೋನು ಎಫ್‌ಎಸ್‌ಎಚ್ (ಫಾಲಿಕಲ್ ಸ್ಟಿಮ್ಯುಲೇಟಿಂಗ್ ಹಾರ್ಮೋನು) ವೀರ್ಯಾಣುಗಳನ್ನು ಪೋಷಿಸುವ ಸರ್ಟೋಲಿ ಕೋಶಗಳ ಮೇಲೆ ಕೆಲಸ ಮಾಡುತ್ತದೆ. ಎರಡನೆಯದನ್ನು ಮಾತ್ರ ತಡೆದರೆ ಗಂಡಸುತನಕ್ಕೆ ಕುಂದಿಲ್ಲದೆ ಫಲವಂತಿಕೆ ನಿಲ್ಲಬೇಕು. ಮೌದ್ಗಲ್ ಹಿಡಿದ ತರ್ಕ ಇದು. ಆದರೆ ಬೆಳೆದ ಇಲಿಗಳ ಪ್ರಯೋಗಗಳು ಎಫ್‌ಎಸ್‌ಎಚ್‌ನ ಅಗತ್ಯವನ್ನು ಖಚಿತವಾಗಿ ಹೇಳಲಿಲ್ಲ. ಆದ್ದರಿಂದ ದಕ್ಷಿಣ ಭಾರತದಲ್ಲೆಲ್ಲ ಕಾಣುವ ಬಾನೆಟ್ ಮಂಗವನ್ನು ಆಯ್ದುಕೊಂಡರು.

1979ರ ಪ್ರಯೋಗದಲ್ಲಿ ಸಿದ್ಧ ಪ್ರತಿಕಾಯವನ್ನು ಮಂಗಗಳಿಗೆ ಚುಚ್ಚಲಾಗಿತ್ತು; ಆಮೇಲೆ ಕುರಿಯ ಎಫ್‌ಎಸ್‌ಎಚ್ ಅನ್ನೇ ಲಸಿಕೆಯಾಗಿ ಕೊಟ್ಟು ಮಂಗದ ಮೈಯಲ್ಲೇ ಪ್ರತಿಕಾಯ ಬೆಳೆಯುವಂತೆ ಮಾಡಿದರು. ಪರೀಕ್ಷೆಯ ಕ್ರಮ ಕಟ್ಟುನಿಟ್ಟಿನದು. ಈ ಮಂಗಗಳಲ್ಲಿ ಟೆಸ್ಟೋಸ್ಟೆರೋನ್ ರಾತ್ರಿ ಏರುವುದರಿಂದ ರಾತ್ರಿಯ ರಕ್ತವನ್ನೂ ಪರೀಕ್ಷಿಸಲಾಗುತ್ತಿತ್ತು. ಫಲವಂತಿಕೆಯನ್ನು ವೀರ್ಯಾಣುಗಳ ಎಣಿಕೆಯಿಂದ ಊಹಿಸದೆ, ಹಿಂದೆ ಮರಿ ಹಾಕಿದ್ದ ಹೆಣ್ಣುಗಳೊಂದಿಗೆ ಅವುಗಳ ಋತುಚಕ್ರದ ನಡುವಿನ ದಿನಗಳಲ್ಲಿ ಬಿಟ್ಟು ನೋಡಿದರು. 1992ರ ವರದಿಯಂತೆ ವೀರ್ಯಾಣುಗಳ ಸಂಖ್ಯೆ ಕುಸಿಯಿತಾದರೂ ಯಾವಾಗಲೂ ಸೊನ್ನೆಗೆ ಇಳಿಯಲಿಲ್ಲ. ಹಾಗಿದ್ದೂ ಗರ್ಭ ನಿಲ್ಲಲಿಲ್ಲ. ಉಳಿದ ವೀರ್ಯಾಣುಗಳ ಚಲನೆ ಮಂದವಾಗಿತ್ತು, ಅಂಡವನ್ನು ಭೇದಿಸಲು ಬೇಕಾದ ಅಕ್ರೋಸಿನ್, ಹಯಲುರೊನಿಡೇಸ್ ಕಿಣ್ವಗಳು ಕಡಿಮೆಯಾಗಿದ್ದವು. ಲಸಿಕೆ ನಿಲ್ಲಿಸಿ ಪ್ರತಿಕಾಯ ಇಳಿದ ಮೇಲೆ ಫಲವಂತಿಕೆ ಮರಳಿತು. ಸಂಖ್ಯೆಗಿಂತ ಗುಣ ಮುಖ್ಯ ಎಂಬ ಈ ಫಲಿತಾಂಶ, ಲಸಿಕೆಗಿಂತಲೂ ಹೆಚ್ಚು ಕಾಲ ಬಾಳುವ ಕೊಡುಗೆಯೆನ್ನಬಹುದು.

ವೃಷಣದ ಕೋಶಗಳನ್ನು ಅವುಗಳ ಡಿಎನ್‌ಎ ಪ್ರಮಾಣದ ಮೇಲೆ ವಿಂಗಡಿಸುವ ಫ್ಲೋ ಸೈಟೊಮೆಟ್ರಿಯಿಂದ ತಂಡ ಇನ್ನೊಂದು ಅಂಶವನ್ನು ಬಿಡಿಸಿತು. ಎಫ್‌ಎಸ್‌ಎಚ್ ಇಲ್ಲದಾಗ ವೀರ್ಯಾಣುಗಳ ಮೂಲಕೋಶಗಳು ಮುಂದಿನ ಹಂತಕ್ಕೆ ದಾಟುವುದು ಕುಂಠಿತವಾಗುತ್ತದೆ. ಎಲ್‌ಎಚ್ ಇಲ್ಲದಾಗ ಅರೆವಿಭಜನೆಯ (ಮಿಯೋಸಿಸ್) ಹಂತದಲ್ಲೇ ತಡೆಯುಂಟಾಗುತ್ತದೆ (1995).

ಮನುಷ್ಯರಲ್ಲಿ ಪ್ರಯೋಗ ಮತ್ತು ವಿವಾದ

1997ರಲ್ಲಿ, ಬೆರಳೆಣಿಕೆಯ ಪುರುಷ ಸ್ವಯಂಸೇವಕರಿಗೆ ಲಸಿಕೆ ಕೊಟ್ಟ ಪ್ರಾಥಮಿಕ ಅಧ್ಯಯನ ಪ್ರಕಟವಾಯಿತು. ಹುಟ್ಟಿದ ಪ್ರತಿಕಾಯಗಳು ಮನುಷ್ಯನ ಎಫ್‌ಎಸ್‌ಎಚ್‌ಗೂ ಅಂಟಿಕೊಂಡವು. ಇಂಥ ಸಣ್ಣ ಅಧ್ಯಯನದಿಂದ ಗರ್ಭನಿರೋಧಕ ಸಾಮರ್ಥ್ಯವನ್ನು ನಿರ್ಣಯಿಸಲಾಗದು. ಅದೇ ವರ್ಷ ಎಫ್‌ಎಸ್‌ಎಚ್ ಗ್ರಾಹಿಯನ್ನೇ (ಕೋಶದಲ್ಲಿ ಹಾರ್ಮೋನು ಅಂಟಿಕೊಳ್ಳುವ ಪ್ರೋಟೀನು) ಗುರಿಯಾಗಿಸಿದ ಲಸಿಕೆಯನ್ನು ಸಾಯಿರಾಮ್ ಜೊತೆಗೂಡಿ ಮಂಗಗಳಲ್ಲಿ ಪರೀಕ್ಷಿಸಿದರು.

ಎದುರು ಸಾಕ್ಷ್ಯವೂ ಆ ವರ್ಷವೇ ಬಂದಿತು. ಎಫ್‌ಎಸ್‌ಎಚ್ ಜೀನ್ ಕೆಡಿಸಿದ ಗಂಡು ಇಲಿಗಳು ಮರಿ ಹುಟ್ಟಿಸಿದವು. ಫಿನ್ಲೆಂಡಿನಲ್ಲಿ ಎಫ್‌ಎಸ್‌ಎಚ್ ಗ್ರಾಹಿ ಕೆಟ್ಟ ಗಂಡಸರಲ್ಲಿ ಕೆಲವರಿಗೆ ಮಕ್ಕಳಿದ್ದರು. ಜರ್ಮನಿಯಲ್ಲಿ ರೀಸಸ್ ಮಂಗಗಳ ಮೇಲೆ ನಾಲ್ಕೂವರೆ ವರ್ಷ ನಡೆದು 1983ರಲ್ಲಿ ಪ್ರಕಟವಾಗಿದ್ದ ಅಧ್ಯಯನವೂ ಈ ಮಾರ್ಗದ ಬಗ್ಗೆ ಭರವಸೆ ಕೊಟ್ಟಿರಲಿಲ್ಲ. ಆದರೆ ಹುಟ್ಟಿನಿಂದಲೇ ಹಾರ್ಮೋನಿಲ್ಲದೆ ಹೊಂದಿಕೊಂಡ ದೇಹವೂ ಪ್ರೌಢ ವಯಸ್ಸಿನಲ್ಲಿ ಅದನ್ನು ಹಠಾತ್ತನೆ ಕಳೆದುಕೊಂಡ ದೇಹವೂ ಒಂದೇ ಅಲ್ಲ; ಫಿನ್ಲೆಂಡಿನ ಪುರುಷರಲ್ಲೂ ವೀರ್ಯಾಣುಗಳ ಸ್ಥಿತಿ ಸಹಜವಾಗಿರಲಿಲ್ಲ. ಹೀಗಾಗಿ ಮೌದ್ಗಲ್ ಅವರ ವಾದ ಸೋತಿತೆನ್ನುವುದಕ್ಕಿಂತ ಸೀಮಿತಗೊಂಡಿತೆನ್ನುವುದು ನ್ಯಾಯ.

ಈ ಲಸಿಕೆ ಬಳಕೆಗೆ ಬರಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಪುರುಷ ಸಂತಾನಹರಣ ಶೇ. 1ಕ್ಕಿಂತ ಕಡಿಮೆಯಿತ್ತು; ಕುಟುಂಬ ಯೋಜನೆಯ ಭಾರ ಹೆಂಗಸರ ಮೇಲೆಯೇ ಇತ್ತು.