ಗೂಡಿಗೆ ಬೆಲೆ ಕೂಗಿದ ಊರು

ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ತರುವ ರೈತನಿಗೆ ಒಳ್ಳೆಯ ಬೆಲೆ ಬರಲಿ ಎಂದು ಕಾಯುವ ಪುರಸೊತ್ತು ಇರುವುದಿಲ್ಲ. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟ ಐದಾರು ದಿನಕ್ಕೆ ಗೂಡು ಬಿಡಿಸಬೇಕು. ಇನ್ನೊಂದು ವಾರ ಮನೆಯಲ್ಲೇ ಇಟ್ಟರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ಉದ್ದನೆಯ ಎಳೆ ಬಿಚ್ಚಲಾಗದು. ಅಲ್ಲಿಯವರೆಗೂ ಗೂಡಿನ ತೂಕ ದಿನದಿನಕ್ಕೆ ಇಳಿಯುತ್ತಲೇ ಇರುತ್ತದೆ. ತಿಂಗಳ ದುಡಿಮೆಯನ್ನು ಒಂದೇ ದಿನದಲ್ಲಿ ಮಾರಬೇಕಾದ ಈ ಅವಸರ ಕೊಳ್ಳುವವನ ಕೈ ಮೇಲಾಗಲು ಸಾಕು. ಚಿಕ್ಕಬಳ್ಳಾಪುರ ಸೀಮೆಯ ರೇಷ್ಮೆಯ ಕಥೆಯಲ್ಲಿ ಹುಳು ಸಾಕುವ ಜಾಣ್ಮೆಗೆ ಎಷ್ಟು ಪಾಲಿದೆಯೋ, ಈ ಅಸಮ ವ್ಯಾಪಾರವನ್ನು ಸರಿಪಡಿಸುವ ಪ್ರಯತ್ನಕ್ಕೂ ಅಷ್ಟೇ ಪಾಲಿದೆ.

ಕಥೆ ಶುರುವಾಗುವುದು ಹದಿನೆಂಟನೇ ಶತಮಾನದ ಕೊನೆಯಲ್ಲಿ. ಪಕ್ಕದ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನ್ 1780ರ ದಶಕದಲ್ಲಿ ಬಂಗಾಳದಿಂದ ಹುಳು ತರಿಸಲು ಏರ್ಪಾಡು ಮಾಡಿದ. ಸಾಕಣೆಗೆಂದು ರಾಜ್ಯದಲ್ಲಿ 21 ಕೇಂದ್ರಗಳನ್ನು ಗೊತ್ತುಮಾಡಿದ. ಅವನ ಕಾಲ ಮುಗಿದ ಮೇಲೂ ಕಸುಬು ಉಳಿಯಿತು. ಹತ್ತೊಂಬತ್ತನೇ ಶತಮಾನದಲ್ಲಿ ಹುಳುಗಳಿಗೆ ತಗುಲಿದ ರೋಗಗಳು ಮಾತ್ರ ಅದನ್ನು ಮತ್ತೆ ಮತ್ತೆ ನೆಲ ಕಚ್ಚಿಸಿದವು. ತಾಯಿ ಚಿಟ್ಟೆಯಿಂದ ಮೊಟ್ಟೆಗೆ ದಾಟುವ ಗಂಟುರೋಗ ಅವುಗಳಲ್ಲೆಲ್ಲ ಕೆಟ್ಟದ್ದು. 1896ರಲ್ಲಿ ಜಮ್ಷೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ರೇಷ್ಮೆ ತೋಟ ತೆರೆದು, ಜಪಾನಿನ ತಜ್ಞರಿಂದ ಹೊಸ ಪದ್ಧತಿ ಕಲಿಸುವ ವ್ಯವಸ್ಥೆ ಮಾಡಿದರು.

ಸರ್ಕಾರ ಗಟ್ಟಿಯಾಗಿ ಕೈಹಾಕಿದ್ದು ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯವರಾದ ಎಂ. ವಿಶ್ವೇಶ್ವರಯ್ಯ ದಿವಾನರಾಗಿದ್ದ ವರ್ಷಗಳಲ್ಲಿ, ಅಂದರೆ 1912ರಿಂದ 1918ರ ನಡುವೆ. ಇಟಲಿಯ ತಜ್ಞ ವಾಷಿಂಗ್ಟನ್ ಮಾರಿ ಮೈಸೂರಿಗೆ ಬಂದರು. ಚನ್ನಪಟ್ಟಣದಲ್ಲಿ ಸರ್ಕಾರಿ ರೇಷ್ಮೆ ಕೃಷಿಕ್ಷೇತ್ರ ಎದ್ದಿತು. ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗವಿಲ್ಲದ ಮೊಟ್ಟೆಯನ್ನಷ್ಟೇ ರೈತರಿಗೆ ಕೊಡುವುದು, ಮೈಸೂರಿನ ಸ್ಥಳೀಯ ತಳಿಯನ್ನು ವಿದೇಶಿ ತಳಿಯೊಂದಿಗೆ ಕೂಡಿಸಿ ಮಿಶ್ರತಳಿ ಮಾಡುವುದು, ಇವೆರಡು ಆಗಿನ ದೊಡ್ಡ ಹೆಜ್ಜೆಗಳು. ಅದೇ ದಶಕದಲ್ಲಿ ಕೋಲಾರದಿಂದ ಚಿಂತಾಮಣಿ, ಶಿಡ್ಲಘಟ್ಟ ಹಾದು ಚಿಕ್ಕಬಳ್ಳಾಪುರಕ್ಕೆ ನ್ಯಾರೋಗೇಜ್ ರೈಲೂ ಬಂತು. ಇದೇ ಸೀಮೆಯ ಗೌರಿಬಿದನೂರಿನಲ್ಲಿ ಹಾಯುವ ಹಳಿ ಹಿಂದೂಪುರ ದಾಟಿ ರೇಷ್ಮೆ ಸೀರೆಯ ಊರಾದ ಧರ್ಮಾವರಕ್ಕೆ ಹೋಗುತ್ತದೆ.

ವರ್ಷಪೂರ್ತಿ ಹರಿಯುವ ನದಿಯೊಂದೂ ಇಲ್ಲದ ಈ ಬಯಲುಸೀಮೆಗೆ ಹಿಪ್ಪುನೇರಳೆ ಒಗ್ಗಿಕೊಂಡಿತು. ಬತ್ತ, ಕಬ್ಬು ಕುಡಿಯುವಷ್ಟು ನೀರು ಅದಕ್ಕೆ ಬೇಡ. ವರ್ಷಕ್ಕೊಮ್ಮೆ ಬರುವ ಬೆಳೆಯ ದುಡ್ಡಿಗೆ ಕಾದು ಕೂರುವ ಬದಲು, ಸೊಪ್ಪಿದ್ದವರು ವರ್ಷಕ್ಕೆ ಐದಾರು ಸಲ ಹುಳು ಮೇಯಿಸಿ ಕೈಯಲ್ಲಿ ಕಾಸು ಕಾಣಬಹುದಿತ್ತು.

ಆದರೆ ಬೆಲೆ ಕಟ್ಟುವವರು ಬೇರೆಲ್ಲೋ ಇದ್ದರು. 1930ರ ದಶಕದ ಆರ್ಥಿಕ ಕುಸಿತದ ಜೊತೆಗೇ ಜಪಾನ್, ಚೀನಾಗಳ ಅಗ್ಗದ ರೇಷ್ಮೆ ಬಂದು ಬಿದ್ದಾಗ ಮೈಸೂರಿನ ರೈತರು ತೋಟಗಳನ್ನೇ ಕಿತ್ತುಹಾಕಿದರು. 1934ರಲ್ಲಿ ಆಮದು ರೇಷ್ಮೆಯ ಮೇಲೆ ರಕ್ಷಣಾ ಸುಂಕ ಬಂತು. ಊರೊಳಗಿನ ವ್ಯಾಪಾರಕ್ಕೆ ಮಾತ್ರ ಯಾವ ರಕ್ಷಣೆಯೂ ಇರಲಿಲ್ಲ. ಮುಂಗಡ ಕೊಟ್ಟವನಿಗೇ ಗೂಡು ಕೊಡಬೇಕು, ಅವನ ತಕ್ಕಡಿಯೇ ತಕ್ಕಡಿ, ಅವನು ಹೇಳಿದ್ದೇ ಬೆಲೆ. ನಾಲ್ಕು ಮೈಲಿ ಆಚೆ ಅದೇ ದಿನ ಅದೇ ಗೂಡು ಎಷ್ಟಕ್ಕೆ ಹೋಯಿತು ಎಂಬುದು ರೈತನ ಕಿವಿಗೆ ಬೀಳುವ ದಾರಿಯೇ ಇರಲಿಲ್ಲ.

ಇದಕ್ಕೆ ಕಾನೂನಿನ ಉತ್ತರ 1959ರ ಕಾಯ್ದೆ. ರೇಷ್ಮೆಹುಳುವಿನ ಬಿತ್ತನೆ, ಗೂಡು, ನೂಲು ಮೂರರ ಉತ್ಪಾದನೆ ಮತ್ತು ಮಾರಾಟವನ್ನೂ ಅದು ಕಟ್ಟುಪಾಡಿಗೆ ತಂದಿತು. 1979ರ ಹೊತ್ತಿಗೆ ನಿಯಮ ಇನ್ನಷ್ಟು ಬಿಗಿಯಾಯಿತು: ಗೂಡಿನ ವಹಿವಾಟು ಸರ್ಕಾರಿ ಮಾರುಕಟ್ಟೆಯಲ್ಲೇ ಆಗಬೇಕು. ನೂಲಿನ ವ್ಯಾಪಾರಕ್ಕೆ ನೆರವಾಗಲು ಕರ್ನಾಟಕ ರೇಷ್ಮೆ ಮಾರಾಟ ಮಂಡಳಿ ಹುಟ್ಟಿದ್ದೂ ಆ ವರ್ಷವೇ.

ಅಲ್ಲಿಂದ ಮುಂದೆ ಶಿಡ್ಲಘಟ್ಟದ ಮಾರುಕಟ್ಟೆ ಬೆಳೆದು ರಾಮನಗರದ ನಂತರದ ದೊಡ್ಡ ಮಾರುಕಟ್ಟೆ ಎನಿಸಿಕೊಂಡಿತು. ಹರಾಜಿನ ರೀತಿ ಸರಳ. ರೈತ ತಂದ ಗೂಡಿಗೆ ಲಾಟ್ ನಂಬರು ಬೀಳುತ್ತದೆ, ಗೂಡನ್ನು ಎಲ್ಲರಿಗೂ ಕಾಣುವಂತೆ ಹರವಿಡುತ್ತಾರೆ. ಗೂಡಿನಿಂದ ನೂಲು ಬಿಚ್ಚುವ ರೀಲರು ಕೈಯನ್ನು ರಾಶಿಯ ತಳದವರೆಗೂ ಇಳಿಸಿ ಒಂದು ಹಿಡಿ ಮೇಲೆತ್ತುತ್ತಾರೆ. ಎರಡು ಬೆರಳ ನಡುವೆ ಗೂಡನ್ನು ಒತ್ತಿದರೆ ಪದರದ ಗಟ್ಟಿತನ ತಿಳಿಯುತ್ತದೆ. ಕಿವಿಯ ಬಳಿ ಅಲ್ಲಾಡಿಸಿದರೆ ಒಳಗಿನ ಕೋಶ ಚೆನ್ನಾಗಿದೆಯೋ, ಕರಗಿ ಅಂಟಿಕೊಂಡಿದೆಯೋ ಗೊತ್ತಾಗುತ್ತದೆ. ಕಲೆ ಬಿದ್ದ ಗೂಡು, ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡು ಎಷ್ಟಿವೆ ಎಂದು ಕಣ್ಣಲ್ಲೇ ಅಂದಾಜು ಮಾಡುತ್ತಾರೆ. ಆಮೇಲೆ ಕೂಗು ನಡೆಯುತ್ತಿತ್ತು. ಕೂಗಿದ ಬೆಲೆ ರೈತನಿಗೆ ಕೇಳಿಸುತ್ತಿತ್ತು, ಪಕ್ಕದ ಲಾಟಿನವನಿಗೂ ಕೇಳಿಸುತ್ತಿತ್ತು. ತಲೆಮಾರುಗಳಿಂದ ಮುಚ್ಚಿಟ್ಟಿದ್ದ ಬೆಲೆ ಬಯಲಿಗೆ ಬಂದದ್ದು ಹೀಗೆ.

2010ರ ದಶಕದಲ್ಲಿ ಕೂಗಿನ ಜಾಗಕ್ಕೆ ಇ-ಹರಾಜು ಬಂತು. ತೂಕ ವಿದ್ಯುನ್ಮಾನ ತಕ್ಕಡಿಯದು, ಬೆಲೆ ಮೊಬೈಲಿನಲ್ಲಿ ಒತ್ತಿದ ಅಂಕಿಯದು. ಯಾರು ಎಷ್ಟು ಒತ್ತಿದರು ಎಂದು ಮತ್ತೊಬ್ಬ ರೀಲರಿಗೆ ತಿಳಿಯದ್ದರಿಂದ ಒಳಒಪ್ಪಂದಕ್ಕೆ ಎಡೆ ಕಡಿಮೆಯಾಯಿತು. ಬಂದ ಬೆಲೆ ಹಿಡಿಸದಿದ್ದರೆ ರೈತ ಒಲ್ಲೆ ಎನ್ನಬಹುದು.

ಮಾರುಕಟ್ಟೆಯೊಂದೇ ಎಲ್ಲವನ್ನೂ ಕಾಯಲಾರದು ಎಂಬುದೂ ಗೊತ್ತಾಗಿದೆ. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಕುಸಿದು ರೈತರು ಬೀದಿಗಿಳಿದರು. 2013ರಲ್ಲಿ ಸುಂಕವನ್ನು ಶೇ 15ಕ್ಕೆ ಏರಿಸಲಾಯಿತು.

ಇನ್ನೂ ಅರ್ಧ ಕೆಲಸ ಬಾಕಿ ಇದೆ, ಅದು ನೂಲಿನದು. ಶಿಡ್ಲಘಟ್ಟದ ಎಷ್ಟೋ ಮನೆಗಳಲ್ಲಿ, ಅದರಲ್ಲೂ ಮುಸ್ಲಿಂ ಕುಟುಂಬಗಳಲ್ಲಿ, ನೂಲು ಬಿಚ್ಚಾಣಿಕೆ ಬದುಕಿನ ದಾರಿ. ಚರಕದ ಮುಂದೆ ಕುಳಿತವರು ಬಿಸಿನೀರಿನಲ್ಲಿ ಕುದಿಯುವ ಗೂಡುಗಳ ಎಳೆಗಳ ತುದಿ ಹಿಡಿದು, ಹಲವನ್ನು ಕೂಡಿಸಿ ಒಂದು ನೂಲಾಗಿ ರಾಟೆಗೆ ಕೊಡುತ್ತಾರೆ. ಒಂದು ಗೂಡಿನ ಎಳೆ ಮುಗಿಯುತ್ತಿದ್ದಂತೆ ಇನ್ನೊಂದರ ತುದಿ ಸೇರಿಸದಿದ್ದರೆ ನೂಲು ತೆಳುವಾಗುತ್ತದೆ. ದಿನವಿಡೀ ನೀರಲ್ಲಿ ನೆನೆದ ಬೆರಳ ತುದಿಗಳು ಬಿರಿಯುತ್ತವೆ. ಮಿಶ್ರತಳಿಯದಾದರೆ ಒಂದು ಕಿಲೋ ನೂಲಿಗೆ ಸುಮಾರು ಏಳು ಕಿಲೋ ಗೂಡು ಬೇಕು. ಗೂಡಿನ ದುಡ್ಡು ಕೈಬಿಡುವುದು ಮೊದಲು, ನೂಲಿನ ದುಡ್ಡು ಕೈಸೇರುವುದು ಆಮೇಲೆ. ಈ ನಡುವಿನ ದಿನಗಳಿಗೆ ಬಂಡವಾಳವಿಲ್ಲದ ಸಣ್ಣ ರೀಲರು ಕೈಸಾಲ ಕೊಟ್ಟ ವ್ಯಾಪಾರಿಗೇ ನೂಲು ಒಪ್ಪಿಸುತ್ತಾರೆ. ರೈತ ಹಿಂದೆ ಕಟ್ಟುಬಿದ್ದಿದ್ದ ಮುಂಗಡದ ಹಗ್ಗ ಇಲ್ಲಿ ಹಾಗೆಯೇ ಉಳಿದಿದೆ. ಜೊತೆಗೆ ಚೀನಾದ ಸ್ವಯಂಚಾಲಿತ ಯಂತ್ರಗಳ ನೂಲಿನೊಂದಿಗೆ ಪೈಪೋಟಿ.

ಶಿಡ್ಲಘಟ್ಟಕ್ಕೆ ಹೈಟೆಕ್ ಗೂಡು ಮಾರುಕಟ್ಟೆಯನ್ನು ಸರ್ಕಾರ ಘೋಷಿಸಿದೆ. ಅಲ್ಲಿ ನೂಲಿಗೂ ಒಂದು ಹಜಾರ ಬೇಕು. ಎಳೆಯ ದಪ್ಪ, ಅಂದರೆ ಡೆನಿಯರ್, ಅಳೆದು ಗುಣಮಟ್ಟದ ಚೀಟಿ ಅಂಟಿಸಿದ ನೂಲಿನ ಲಾಟ್, ಅದನ್ನು ಬಿಚ್ಚಿದ ರೀಲರ ಹೆಸರು, ಆ ದಿನದ ಬೆಲೆ, ಇವು ಮೂರೂ ಧರ್ಮಾವರದ ನೇಕಾರನಿಗೂ ಕಂಚಿಯ ನೇಕಾರನಿಗೂ ಮೊಬೈಲಿನಲ್ಲೇ ಕಾಣುವಂತಾಗಬೇಕು. ಗೂಡಿಗೆ ಆಗಿದ್ದು ನೂಲಿಗೆ ಆಗದಿರಲು ತಾಂತ್ರಿಕ ಅಡ್ಡಿ ಏನೂ ಇಲ್ಲ.