ಸ್ಫಟಿಕ ಗಡಿಯಾರ, ಉಷ್ಣತೆ ಮತ್ತು ಭೂಭ್ರಮಣ

ಬೇಸಿಗೆಯಲ್ಲಿ ಲೋಲಕದ ದಂಡವು ಹಿಗ್ಗಿ ಗಡಿಯಾರವು ಹಿಂದೆ ಬೀಳುವುದೂ ಚಳಿಗಾಲದಲ್ಲಿ ಅದು ಕುಗ್ಗಿ ಗಡಿಯಾರವು ಮುಂದೋಡುವುದೂ ವಿದ್ಯಾರ್ಥಿಗಳಿಗೆ ತಿಳಿದ ಸಂಗತಿಯೇ ಆಗಿದೆ. ಈ ಉಷ್ಣದೋಷವು ಲೋಲಕದೊಡನೆ ಮುಗಿಯದೆ ವಿದ್ಯುನ್ಮಾನ ಗಡಿಯಾರಗಳನ್ನೂ ಕಾಡಿತು. ಋತುವನ್ನನುಸರಿಸಿ ಕಾಲವು ತಪ್ಪಿದರೆ ದೋಷವು ಗಡಿಯಾರದ್ದೋ ಅಥವಾ ಕಾಲಕ್ಕೆ ಆಧಾರವಾದ ಭೂಮಿಯದ್ದೋ? ಈ ಪ್ರಶ್ನೆಯು ಇತ್ಯರ್ಥವಾದ ಬಗೆಯನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

1927ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಾರೆನ್ ಮಾರಿಸನ್ ಮತ್ತು ಹಾರ್ಟನ್ ಎಂಬವರು ಮೊದಲ ಸ್ಫಟಿಕ ಗಡಿಯಾರವನ್ನು ರಚಿಸಿದರು. ವಿದ್ಯುತ್ತಿನಿಂದ ಕಂಪಿಸುವ ಕ್ವಾರ್ಟ್ಜ್ ಸ್ಫಟಿಕವೇ ಅದರ ಹೃದಯ. ಆದರೆ ಈ ಕಂಪನದ ಆವೃತ್ತಿಯು ಉಷ್ಣತೆಯೊಡನೆ ಬದಲಾಗುತ್ತದೆ. ಇದಕ್ಕೆ ಎರಡು ಪರಿಹಾರಗಳು ಬಳಕೆಗೆ ಬಂದವು. ಮೊದಲನೆಯದು, ಉಷ್ಣತೆಯ ಪ್ರಭಾವವು ಅತ್ಯಲ್ಪವಾಗುವಂತೆ ಸ್ಫಟಿಕವನ್ನು ತಕ್ಕ ಕೋನದಲ್ಲಿ ಮತ್ತು ತಕ್ಕ ಆಕಾರದಲ್ಲಿ ಕತ್ತರಿಸುವುದು. ಎರಡನೆಯದು, ಸುತ್ತಲಿನ ಕೋಣೆಗಿಂತ ಬಿಸಿಯಾದ, ಉಷ್ಣತೆಯು ಸ್ಥಿರವಾಗಿರುವ ಪೆಟ್ಟಿಗೆಯಲ್ಲಿ ಅದನ್ನು ಇರಿಸುವುದು.

1930ರ ದಶಕದಲ್ಲಿ ಬರ್ಲಿನ್ನಿನ ರಾಷ್ಟ್ರೀಯ ಭೌತ-ತಾಂತ್ರಿಕ ಸಂಸ್ಥೆಯ ಷೈಬೆ ಮತ್ತು ಆಡೆಲ್ಸ್‌ಬರ್ಗರ್ ಇಂತಹ ಗಡಿಯಾರಗಳನ್ನು ನಕ್ಷತ್ರಗಳಿಂದ ದೊರೆತ ಕಾಲದೊಡನೆ ಹೋಲಿಸಿದಾಗ ಎರಡಕ್ಕೂ ವ್ಯತ್ಯಾಸವು ಕಂಡುಬಂದಿತು. ಉಷ್ಣತೆಯ ಮೇಲೆ ಶಂಕೆಯುಂಟಾಗುವುದು ಸಹಜವೇ ಸರಿ. ಉಷ್ಣತೆಯು 1 ಡಿಗ್ರಿ ಏರಿದರೆ ಆವೃತ್ತಿಯು 10 ಲಕ್ಷದಲ್ಲಿ 1 ಭಾಗದಷ್ಟು ಬದಲಾಗುವ ಸ್ಫಟಿಕವೊಂದನ್ನು ಊಹಿಸಿಕೊಳ್ಳೋಣ. ಪೆಟ್ಟಿಗೆಯ ಉಷ್ಣತೆಯು ಡಿಗ್ರಿಯ 100ರಲ್ಲಿ 1 ಭಾಗ ತಪ್ಪಿದರೂ ಆ ಗಡಿಯಾರವು ದಿನಕ್ಕೆ 0.000864 ಸೆಕೆಂಡಿನಷ್ಟು ತಪ್ಪುತ್ತದೆ. ದಿನದ ಉದ್ದದಲ್ಲಿ ಋತುವಿಗನುಗುಣವಾಗಿ ಆಗುವ ವ್ಯತ್ಯಾಸವೂ ಹೆಚ್ಚುಕಡಮೆ ಇಷ್ಟೇ. ಬೇಸಿಗೆ ಚಳಿಗಳ ಉಷ್ಣದೋಷವೂ ಭೂಮಿಯ ವಾರ್ಷಿಕ ವ್ಯತ್ಯಾಸವೂ ಒಂದೇ ಆವರ್ತದವಾದುದರಿಂದ ಅವನ್ನು ಬೇರ್ಪಡಿಸುವುದು ಸುಲಭವಾಗಿರಲಿಲ್ಲ.

ಇಲ್ಲಿ ನೆರವಿಗೆ ಬಂದುದು ಅನೇಕ ಗಡಿಯಾರಗಳ ಪರಸ್ಪರ ಹೋಲಿಕೆ. ಒಂದೊಂದಕ್ಕೂ ತನ್ನದೇ ಸ್ಫಟಿಕ, ತನ್ನದೇ ಪೆಟ್ಟಿಗೆ ಇದ್ದರೆ, ಉಷ್ಣದೋಷವು ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಕೆಡಿಸಲಾರದು. ಗಡಿಯಾರಗಳು ತಮ್ಮತಮ್ಮೊಳಗೆ ಹೊಂದಿಕೊಂಡು, ಎಲ್ಲವೂ ಭೂಮಿಯೊಡನೆ ಮಾತ್ರ ಭಿನ್ನವಾದರೆ ಶಂಕೆಯು ಭೂಮಿಯ ಕಡೆಗೆ ತಿರುಗುತ್ತದೆ. ಅದೇ ದಶಕದಲ್ಲಿ ಪ್ಯಾರಿಸ್ಸಿನ ಸ್ಟಾಯ್ಕೊ ಸಹ ಭೂಭ್ರಮಣದ ಋತುವ್ಯತ್ಯಾಸವನ್ನು ಪ್ರತಿಪಾದಿಸಿದನು. 1950ರಲ್ಲಿ ಮಂಕ್ ಮತ್ತು ಮಿಲ್ಲರ್ ಇದಕ್ಕೆ ವಾಯುಮಂಡಲದ ಮಾರುತಗಳನ್ನು ಕಾರಣವಾಗಿ ಸೂಚಿಸಿದರು. 1955ರಲ್ಲಿ ಇಂಗ್ಲೆಂಡಿನ ಎಸೆನ್ ಮತ್ತು ಪ್ಯಾರಿ ರಚಿಸಿದ ಸೀಸಿಯಂ ಗಡಿಯಾರವು ಪರಮಾಣುವಿನ ಗುಣವನ್ನೇ ಅವಲಂಬಿಸಿ, ಸ್ಫಟಿಕದಿಂದ ಸ್ವತಂತ್ರವಾದ ಪ್ರಮಾಣವನ್ನು ಒದಗಿಸಿತು. 1967ರಲ್ಲಿ ಸೆಕೆಂಡಿನ ವ್ಯಾಖ್ಯೆಯೇ ಸೀಸಿಯಂ ಪರಮಾಣುವಿಗೆ ಸೇರಿತು.

ಉಷ್ಣತೆಯನ್ನು ಹಿಡಿತಕ್ಕೆ ತರುವ ಶ್ರಮವು ಕೇವಲ ಯಂತ್ರದ ದುರಸ್ತಿಯಾಗಿ ಉಳಿಯಲಿಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ. ಗಡಿಯಾರದ ದೋಷವನ್ನು ಕ್ರಮವಾಗಿ ಕಳೆದ ಮೇಲೂ ಉಳಿದ ವ್ಯತ್ಯಾಸವನ್ನು ತಳ್ಳಿಹಾಕದೆ ಇದ್ದುದರಿಂದಲೇ ಭೂಮಿಯು ಸಮವೇಗದಿಂದ ಸುತ್ತುವುದಿಲ್ಲವೆಂಬ ಸತ್ಯವು ಗಡಿಯಾರಗಳ ಮೂಲಕವೇ ಸ್ಥಾಪಿತವಾಯಿತು.