ವಿಷಯಜ್ಞಾನ ಮತ್ತು ಬೋಧನಜ್ಞಾನ: ಲೀ ಶುಲ್ಮನ್ ಅವರ ಅನ್ವೇಷಣೆ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1875ರಲ್ಲಿ ಪ್ರಾಥಮಿಕ ಶಾಲೆಗಳ ಅಧ್ಯಾಪಕರಾಗಬಯಸುವವರಿಗೆ ದಿನವಿಡೀ ನಡೆದ ಪರೀಕ್ಷೆಯ ಒಟ್ಟು ಅಂಕಗಳು 1000. ಬೋಧನೆಯ ತತ್ತ್ವ ಮತ್ತು ಪ್ರಯೋಗಕ್ಕೆ ಅದರಲ್ಲಿ ದೊರೆತ ಪಾಲು 50 ಮಾತ್ರ. ಉಳಿದುದರಲ್ಲಿ ಬಹುಪಾಲು ಗಣಿತ, ವ್ಯಾಕರಣ, ಭೂಗೋಳ ಮೊದಲಾದ ವಿಷಯಗಳಿಗೆ ಸಂದಿತ್ತು. ಶತಮಾನ ಕಳೆದು 1980ರ ದಶಕಕ್ಕೆ ಬಂದಾಗ ತಕ್ಕಡಿ ಮತ್ತೊಂದು ಬದಿಗೆ ವಾಲಿತ್ತು. ಅಲ್ಲಿನ ರಾಜ್ಯಗಳು ರೂಪಿಸಿದ ಮಾನದಂಡಗಳಲ್ಲಿ ಪಾಠಯೋಜನೆ, ತರಗತಿಯ ನಿರ್ವಹಣೆ, ಮೌಲ್ಯಮಾಪನ ಎಲ್ಲವೂ ಇದ್ದವು. ಕಲಿಸುವ ವಿಷಯವೇ ಮರೆಯಾಗಿತ್ತು.

ಈ ಎರಡನ್ನೂ ಅಕ್ಕಪಕ್ಕದಲ್ಲಿರಿಸಿ ತೋರಿಸಿದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಕ್ಷಣಶಾಸ್ತ್ರದ ಪ್ರಾಧ್ಯಾಪಕ ಲೀ ಶುಲ್ಮನ್. 1985ರಲ್ಲಿ ಅಮೆರಿಕದ ಶೈಕ್ಷಣಿಕ ಸಂಶೋಧನ ಸಂಘದ ಅಧ್ಯಕ್ಷರಾಗಿ ಅವರು ಮಾಡಿದ ಭಾಷಣ ಮರುವರ್ಷ ಪ್ರಕಟವಾಯಿತು. ಬೋಧನೆಯ ಸಂಶೋಧನೆ ವಿಷಯವನ್ನೇ ಕೈಬಿಟ್ಟಿದೆ ಎಂಬುದು ಅವರ ಆಕ್ಷೇಪ.

ಈ ನಿಲುವಿಗೆ ಅವರು ಬಂದ ದಾರಿ ನೇರವಾದುದಲ್ಲ. 1938ರಲ್ಲಿ ಶಿಕಾಗೋದ ಯಹೂದಿ ವಲಸಿಗರ ಮನೆಯಲ್ಲಿ ಹುಟ್ಟಿದ ಶುಲ್ಮನ್, ಧಾರ್ಮಿಕ ಪಾಠಶಾಲೆಯಲ್ಲಿ ಓದಿ, ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ಶ್ವಾಬ್, ಬೆಂಜಮಿನ್ ಬ್ಲೂಮ್ ಅವರಂಥವರ ಪ್ರಭಾವಕ್ಕೆ ಒಳಗಾದರು. 1963ರಲ್ಲಿ ಮಿಶಿಗನ್ ರಾಜ್ಯ ವಿಶ್ವವಿದ್ಯಾಲಯ ಸೇರಿದ ಮೇಲೆ ಅವರ ಗಮನ ಸೆಳೆದವರು ವೈದ್ಯರು. ರೋಗನಿದಾನ ಮಾಡುವಾಗ ನುರಿತ ವೈದ್ಯನ ಮನಸ್ಸು ಹೇಗೆ ಕೆಲಸ ಮಾಡುತ್ತದೆ? ಆರ್ಥರ್ ಎಲ್‌ಸ್ಟೈನ್ ಮತ್ತು ಸಾರಾ ಸ್ಪ್ರಾಫ್ಕಾ ಅವರೊಡನೆ ನಡೆಸಿದ ಈ ಅಧ್ಯಯನ 1978ರಲ್ಲಿ ಗ್ರಂಥರೂಪದಲ್ಲಿ ಹೊರಬಂದಿತು. ಎಲ್ಲ ರೋಗಗಳಿಗೂ ಅನ್ವಯಿಸುವ ಸಾಮಾನ್ಯ ನೈಪುಣ್ಯವೊಂದು ಅಲ್ಲಿ ಕಾಣಲಿಲ್ಲ. ಒಂದು ಪ್ರಕರಣದಲ್ಲಿ ಚತುರನಾದ ವೈದ್ಯ ಮತ್ತೊಂದರಲ್ಲಿ ಎಡವುತ್ತಿದ್ದ. ವಿಷಯದಿಂದ ಬೇರ್ಪಡಿಸಿದ ಬೋಧನಕೌಶಲದ ಬಗ್ಗೆ ಶುಲ್ಮನ್ ತಳೆದ ಸಂದೇಹದ ಬೇರು ಇಲ್ಲಿದೆಯೆಂದು ತೋರುತ್ತದೆ.

ವಿಷಯಜ್ಞಾನ ಮತ್ತು ಬೋಧನತತ್ತ್ವಗಳಲ್ಲದೆ ಅಧ್ಯಾಪಕನಿಗೇ ವಿಶಿಷ್ಟವಾದ ಇನ್ನೊಂದು ಜ್ಞಾನವಿದೆಯೆಂದು ಅವರು ವಾದಿಸಿದರು. ಅದನ್ನು ಕನ್ನಡದಲ್ಲಿ 'ವಿಷಯಬೋಧನಜ್ಞಾನ' ಎನ್ನಬಹುದು. ನಮ್ಮದೇ ಉದಾಹರಣೆ ನೋಡಬಹುದು. ಸಂಧಿಸೂತ್ರಗಳನ್ನು ಬಲ್ಲವರು ಅನೇಕರು. ಆದರೆ 'ಊರು' ಎಂಬುದಕ್ಕೆ 'ಅಲ್ಲಿ' ಸೇರಿದಾಗ ಸ್ವರ ಲೋಪವಾಗುತ್ತದೆ, 'ಮನೆ'ಗೆ ಅದೇ ಪ್ರತ್ಯಯ ಸೇರಿದಾಗ ಯಕಾರ ಬರುತ್ತದೆ. ಹೀಗೇಕೆ ಎಂದು ವಿದ್ಯಾರ್ಥಿ ಗೊಂದಲಕ್ಕೊಳಗಾಗುವ ಜಾಗವನ್ನು ಮೊದಲೇ ಅರಿತು, ಅದಕ್ಕೆ ತಕ್ಕ ನಿದರ್ಶನವನ್ನು ಸಿದ್ಧವಾಗಿರಿಸಿಕೊಂಡವನು ಬೇರೆ. ಇವನ ಅರಿವು ಪಂಡಿತನ ಅರಿವಿನ ಸರಳೀಕರಣವಲ್ಲ. ಅದು ಸ್ವತಂತ್ರವಾದ ಪಾಂಡಿತ್ಯ.

1987ರ ಲೇಖನದಲ್ಲಿ ಅವರು ಕೊಲೀನ್ ಎಂದು ಕರೆದ ಹೊಸ ಅಧ್ಯಾಪಕಿಯ ಚಿತ್ರವಿದೆ. ಆಕೆ ಇಂಗ್ಲಿಷ್ ಸಾಹಿತ್ಯವನ್ನು ಚೆನ್ನಾಗಿ ಓದಿದವಳು. ಸಾಹಿತ್ಯಪಾಠದಲ್ಲಿ ಪ್ರಶ್ನೆಗಳನ್ನು ಸ್ವಾಗತಿಸಿ, ಚರ್ಚೆ ಬೆಳೆಸುತ್ತಿದ್ದಳು. ವ್ಯಾಕರಣಪಾಠದಲ್ಲಿ ಮಾತ್ರ ಆಕೆಯನ್ನು ಅದೇ ವ್ಯಕ್ತಿಯೆಂದು ಗುರುತಿಸುವುದೇ ಕಷ್ಟ. ಮುಂದಿನ ಸಾಲಿನ ಚುರುಕಾದ ವಿದ್ಯಾರ್ಥಿಯ ಕಣ್ಣನ್ನು ಬೇಕೆಂದೇ ತಪ್ಪಿಸಿ, ಅವಸರದಿಂದ ಪಾಠ ಮುಗಿಸಿದಳು. ವಿಷಯದಲ್ಲಿ ತನಗೆ ಭರವಸೆಯಿರಲಿಲ್ಲವೆಂದು ಅನಂತರ ತಾನೇ ಹೇಳಿದಳು. ಬೋಧನವಿಧಾನದ ತರಬೇತಿ ಆಕೆಯಲ್ಲಿ ಎರಡೂ ದಿನ ಒಂದೇ ಆಗಿತ್ತು. ತರಗತಿಗಳೇಕೆ ಬೇರೆಯಾದವು ಎಂಬುದಕ್ಕೆ ಉತ್ತರ ವಿಷಯದಲ್ಲಿತ್ತು. ವ್ಯಾಕರಣವನ್ನು ಬೋಧಿಸಿದ ಯಾರಿಗೂ ಆ ತಪ್ಪಿಸಿದ ನೋಟ ಅಪರಿಚಿತವಲ್ಲ.

ಇಷ್ಟನ್ನು ಬರೆದು ಶುಲ್ಮನ್ ಸುಮ್ಮನಾಗಲಿಲ್ಲ. 1987ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಬೋಧನವೃತ್ತಿ ಮಾನದಂಡ ಮಂಡಳಿಗಾಗಿ ಅವರ ತಂಡ ಪರೀಕ್ಷೆಯ ಹೊಸ ಮಾದರಿಗಳನ್ನು ಸಿದ್ಧಪಡಿಸಿತು. ಸರಿಯುತ್ತರಕ್ಕೆ ಗುರುತು ಹಾಕುವ ಪರೀಕ್ಷೆಯ ಬದಲು ಅಧ್ಯಾಪಕನು ತನ್ನ ಪಾಠದ ದಾಖಲೆ, ವಿದ್ಯಾರ್ಥಿಗಳ ಬರಹ, ಅವುಗಳ ಮೇಲಿನ ತನ್ನ ವಿವೇಚನೆಗಳನ್ನು ಒಪ್ಪಿಸುವ ಕ್ರಮವದು. ಆಮೇಲೆ 1997ರಿಂದ 2008ರವರೆಗೆ ಅವರು ಕಾರ್ನೆಗಿ ಬೋಧನಾಭಿವೃದ್ಧಿ ಪ್ರತಿಷ್ಠಾನದ ಅಧ್ಯಕ್ಷರಾಗಿದ್ದರು.

ಶುಲ್ಮನ್ ಮಿಶಿಗನ್ನಿಗೆ ಹೋದ 1963ರಲ್ಲಿಯೇ ಮೈಸೂರಿನಲ್ಲಿ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯ ಆರಂಭವಾಯಿತು. ವಿಷಯವನ್ನೂ ಬೋಧನಶಾಸ್ತ್ರವನ್ನೂ ಒಂದೇ ಸೂರಿನಡಿ ಕಲಿಸುವ ನಾಲ್ಕು ವರ್ಷಗಳ ಸಂಯೋಜಿತ ಪದವಿ ಅದರ ವೈಶಿಷ್ಟ್ಯ. ಕರ್ನಾಟಕದ ಬಹುಪಾಲು ಅಧ್ಯಾಪಕರ ದಾರಿ ಮಾತ್ರ ಬೇರೆಯೇ ಆಗಿ ಉಳಿಯಿತು: ಒಂದು ಕಾಲೇಜಿನಲ್ಲಿ ವಿಷಯ, ಮತ್ತೊಂದರಲ್ಲಿ ಬಿ.ಎಡ್. 2020ರ ರಾಷ್ಟ್ರೀಯ ಶಿಕ್ಷಣ ನೀತಿ 2030ರ ವೇಳೆಗೆ ಸಂಯೋಜಿತ ಪದವಿಯನ್ನೇ ಕನಿಷ್ಠ ಅರ್ಹತೆಯಾಗಿಸಬೇಕೆನ್ನುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿರಿಸಿದ ಮಾತ್ರಕ್ಕೆ ಅವು ಬೆರೆಯಲಾರವು. ಲೋಪಸಂಧಿಯನ್ನು ವಿದ್ಯಾರ್ಥಿ ಎಲ್ಲಿ ತಪ್ಪಾಗಿ ಗ್ರಹಿಸುತ್ತಾನೆಂದು ಚರ್ಚಿಸುವ ತರಗತಿ ಕನ್ನಡ ವಿಭಾಗದ ವೇಳಾಪಟ್ಟಿಯಲ್ಲಿ ಬರಬೇಕೆ, ಶಿಕ್ಷಣ ವಿಭಾಗದಲ್ಲಿಯೆ ಎಂಬುದು ಅಲ್ಲಿಯೂ ನಿರ್ಧಾರವಾಗಬೇಕಾದ ಸಂಗತಿ.